ಅವನು ಕಾಲೇಜಿಗೆ ಹೋದ, ನಾನಿನ್ನೂ ಶಾಲೆಯಲ್ಲಿದ್ದೇನೆ

“ಅಕ್ಕಾ, ಅವನಿಗೆ ಕಾಲೇಜು ಶುರುವಾಯಿತು. ನನಗೆ ಶಾಲೆ ಮುಗಿಯಲು ಇನ್ನೂ ಒಂದು ವರ್ಷವಿದೆ. ನಮ್ಮ ಪ್ರೀತಿ ಉಳಿಯುತ್ತದೆಯೇ?”

ನನಗೆ ಬರುವ ಪ್ರಶ್ನೆಗಳಲ್ಲಿ ಇದರದೇ ಮೇಲುಗೈ. ಕೆಲವೊಮ್ಮೆ ‘ಅವನು’ ಎಂಬಲ್ಲಿ ‘ಅವಳು’ ಇರುತ್ತದೆ, ಅಷ್ಟೇ. ಉಳಿಯುತ್ತದೋ ಇಲ್ಲವೋ ಹೇಳಲು ನಾನು ಜ್ಯೋತಿಷಿಯಲ್ಲ. ಆದರೆ ನೂಲು ಎಲ್ಲಿ ಸವೆಯುತ್ತದೆ ಎಂಬುದು ಗೊತ್ತು. ಒಮ್ಮೆ ನಾನೇ ಸವೆಸಿದ್ದೇನೆ.

ನಮ್ಮಿಬ್ಬರಲ್ಲಿ ಮೊದಲು ಕಾಲೇಜಿಗೆ ಹೋದವಳು ನಾನು. ದಿನಕ್ಕೊಂದು ಕರೆ ಎಂದು ಆಣೆ ಮಾಡಿಕೊಂಡಿದ್ದೆವು. ಕರೆ ಒಂದು ದಿನವೂ ತಪ್ಪಲಿಲ್ಲ. ಆದರೆ ಮಾತೆಲ್ಲ ನನ್ನದೇ: ಹಾಸ್ಟೆಲ್, ಹೊಸ ಗೆಳತಿಯರು, ತರಗತಿಯನ್ನು ನಗಿಸುವ ಮೇಷ್ಟ್ರು. ಅವನ ಸರದಿ ಬಂದಾಗ “ಇಲ್ಲಿ ಏನೂ ವಿಶೇಷವಿಲ್ಲ” ಎನ್ನುತ್ತಿದ್ದ. ನಾನು ನಂಬಿಬಿಟ್ಟೆ. ಹೋದವರಿಗೆ ದಿನ ಸಾಲುವುದಿಲ್ಲ. ಉಳಿದವರಿಗೆ ಅದೇ ಗೇಟು, ಅದೇ ಮೆಟ್ಟಿಲು, ಅಲ್ಲಿ ಜೊತೆಗೆ ಕೂರುತ್ತಿದ್ದವರು ಮಾತ್ರ ಇಲ್ಲ. ಐದನೆಯ ತಿಂಗಳಿಗೆ ಮಾತು ತಾನಾಗಿ ನಿಂತಿತು. ಜಗಳವಾಡಿಯಾದರೂ ಮುಗಿಸಿದ್ದರೆ ಚೆನ್ನಾಗಿತ್ತೇನೋ.

ಹಾಗಾಗಿ ಹೋದವರಿಗೆ ನಾನು ಹೇಳುವುದು, ಕೇಳಿ ಎಂದು. “ಹೇಗಿದ್ದೀಯ” ಎಂದಲ್ಲ, ನಿನ್ನೆ ಭಯಪಟ್ಟಿದ್ದ ಗಣಿತದ ಪರೀಕ್ಷೆ ಏನಾಯಿತು ಎಂದು ಹೆಸರು ಹಿಡಿದು ಕೇಳಿ.

ಉಳಿದವರ ಸಂಕಟ ಬೇರೆ. ಅವನ ಮಾತಿನಲ್ಲಿ ಹೊಸ ಹೊಸ ಹೆಸರುಗಳು ನುಸುಳುತ್ತವೆ, ಇಲ್ಲಿ ಹೊಟ್ಟೆಯಲ್ಲಿ ಕಿಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರಿಗೆ ಯಾರು ಗೆಳೆಯರಾದರು ಎಂಬುದನ್ನು ಬಹುಮಟ್ಟಿಗೆ ಅಕ್ಕಪಕ್ಕದ ಬಾಗಿಲುಗಳೇ ತೀರ್ಮಾನಿಸಿದ್ದವು. ಅಂದರೆ ಆ ಹೊಸ ಹೆಸರುಗಳಲ್ಲಿ ಹೆಚ್ಚಿನವು ಪಕ್ಕದ ಕೋಣೆಯವರದೇ ಇರಬಹುದು. ಪಾಸ್‌ವರ್ಡ್ ಕೇಳಬೇಡಿ, ಎಲ್ಲಿದ್ದೀಯ ಎಂದು ಗಳಿಗೆಗೊಮ್ಮೆ ಮೊಬೈಲಿನಲ್ಲಿ ಪತ್ತೆ ಹಚ್ಚಬೇಡಿ. ನಿಮ್ಮಿಂದ ಯಾರಾದರೂ ಕೇಳಿದರೆ ಕೊಡಲೂಬೇಡಿ.

“ಮುಂದಿನ ವರ್ಷ ನಾನೂ ಅದೇ ಕಾಲೇಜಿಗೆ ಸೇರುತ್ತೇನೆ” ಎನ್ನುವವರ ಮಾತಿಗೆ ನಾನು ಸ್ವಲ್ಪ ಗಡುಸಾಗುತ್ತೇನೆ. ಅವನು ಅಲ್ಲಿ ಇಲ್ಲದಿದ್ದರೂ ಆ ವಿಷಯ ಓದುತ್ತಿದ್ದೆಯಾ? ಹೌದಾದರೆ ಸೇರು. ಇಲ್ಲವಾದರೆ, ನಾಳೆ ಅವನೊಡನೆ ಮುನಿಸಾದ ದಿನ ಆ ತರಗತಿಯಲ್ಲಿ ಕೂತು ನೀನು ಮಾಡುವುದೇನು? ಇನ್ನು, ಒಬ್ಬರಿಗೆ 18 ತುಂಬಿ ಇನ್ನೊಬ್ಬರಿಗೆ ತುಂಬದಿದ್ದರೆ ಅನೇಕ ದೇಶಗಳ ಕಾನೂನು ಇಬ್ಬರನ್ನೂ ಒಂದೇ ರೀತಿ ನೋಡುವುದಿಲ್ಲ. ಈ ಮಾತು ಯಾರಿಗೂ ರುಚಿಸುವುದಿಲ್ಲ, ಆದರೂ ಹೇಳುತ್ತೇನೆ.

ಕಳೆದ ವಾರ ಒಬ್ಬ ಹುಡುಗಿ ಅದೇ ‘ಉಳಿಯುತ್ತದೆಯೇ’ ಎಂಬ ಪ್ರಶ್ನೆ ಕೇಳಿದಳು. “ನಿನ್ನೆ ಕರೆ ಮಾಡಿದಾಗ ಅವನು ಮೊದಲು ಏನು ಕೇಳಿದ?” ಎಂದೆ.

“ನಮ್ಮ ಬೆಕ್ಕಿನ ಕಾಲು ವಾಸಿಯಾಯಿತೇ ಎಂದು.”

ಸದ್ಯಕ್ಕೆ ಹೋಗಿ ಓದಿಕೋ ಎಂದೆ.