ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆಯಂತಲ್ಲ, ಇನ್ನೇನು ಹುಡುಕ್ತೀರಿ?

ಇಂಗ್ಲೆಂಡಿನ ಲ್ಯಾಂಕಾಷೈರಿನ ಐರಿಷ್ ಮೂಲದ ಮನೆಗೆ ಸೊಸೆಯಾಗಿ ಬಂದ ನಾನು ಅವರ ವಂಶಾವಳಿ ಕೆದಕುತ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ.

ಅರ್ಧ ನಿಜ. 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿ ಅಂತರ್ಯುದ್ಧದ ಕಾದಾಟದಲ್ಲಿ ಹೊತ್ತಿ ಉರಿಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಅಲ್ಲೇ ಬೂದಿಯಾಯಿತು. 1861, 1871ರದ್ದನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿಸಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋಯಿತು. ಬೈಗುಳವೆಲ್ಲ ಬೆಂಕಿಗೆ ಮಾತ್ರ.

ಉಳಿದದ್ದೂ ಕಡಿಮೆಯಿಲ್ಲ. ಕ್ಯಾಥೊಲಿಕ್ ಚರ್ಚುಗಳ ರಿಜಿಸ್ಟರುಗಳು ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದುದರಿಂದ ಬಚಾವಾದವು. ಸುಮಾರು 1880ರವರೆಗಿನ ಪುಟಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್‌ಗೆ ಹಾಕಿತು, ಪುಕ್ಕಟೆಯಾಗಿ. 1864ರಿಂದೀಚೆಗೆ ಎಲ್ಲರ ಜನನ ಮರಣಗಳೂ ಸರ್ಕಾರಿ ನೋಂದಣಿಯಲ್ಲಿವೆ. 1901, 1911ರ ಗಣತಿಗಳೂ ಇವೆ. ವೃದ್ಧಾಪ್ಯ ಪಿಂಚಣಿ 1909ರಲ್ಲಿ ಶುರುವಾದಾಗ ಎಪ್ಪತ್ತಾಗಿದೆ ಎಂದು ತೋರಿಸಲು ಮುದುಕರ ಹತ್ತಿರ ಜನನ ಪತ್ರವೇ ಇರಲಿಲ್ಲ. 1841, 1851ರ ಗಣತಿಯಲ್ಲಿ ತಮ್ಮ ಹೆಸರು ಹುಡುಕಿಕೊಡಿ ಎಂದು ಅರ್ಜಿ ಹಾಕಿದರು. ಆ ಅರ್ಜಿಗಳಲ್ಲಿ ತಂದೆತಾಯಿಯ ಹೆಸರು, ಊರು ಎರಡೂ ಸಿಗುತ್ತವೆ.

ನಿಜವಾದ ಕಷ್ಟ ಬೇರೆ: ಇಂಗ್ಲೆಂಡಿಗೆ ವಲಸೆ ಬಂದವರು ಐರ್ಲೆಂಡಿನ ಯಾವ ಊರಿನವರು ಎಂಬುದೇ ಗೊತ್ತಿರುವುದಿಲ್ಲ. ಇಂಗ್ಲೆಂಡಿನ 1841ರ ಗಣತಿಯಲ್ಲಿ ಐರಿಷರ ಮುಂದೆ ಬರೀ ‘ಐ’ ಎಂಬ ಅಕ್ಷರ. 1851ರಿಂದ ‘ಐರ್ಲೆಂಡ್’ ಎಂದಿರುತ್ತದೆ. ಪುಣ್ಯವಿದ್ದರೆ ಮೇಯೊ, ರಾಸ್‌ಕಾಮನ್ ಎಂದು ಕೌಂಟಿಯ, ಅಂದರೆ ಜಿಲ್ಲೆಯ ಹೆಸರು. ಕೌಂಟಿ ಗೊತ್ತಾದರೂ ಅಲ್ಲಿರುವ ಪ್ಯಾಟ್ರಿಕ್ ಕೆಲ್ಲಿಗಳಲ್ಲಿ ನಿಮ್ಮವನನ್ನು ಹೇಗೆ ಗುರುತಿಸುತ್ತೀರಿ? ಹಾಗಾಗಿ ಸಮುದ್ರ ದಾಟುವ ಅವಸರ ಬೇಡ, ಮೊದಲು ಇಂಗ್ಲೆಂಡಿನ ಕಾಗದವನ್ನೇ ಸೋಸಿ.

ಒಂದೇ ಮದುವೆಗೆ ಎರಡು ದಾಖಲೆ ಇರುತ್ತವೆ. ಆ ಕಾಲದ ಸರ್ಕಾರಿ ಸರ್ಟಿಫಿಕೇಟಿನಲ್ಲಿ ವಧೂವರರ ಅಪ್ಪಂದಿರ ಹೆಸರು, ಕಸುಬು. ಅಮ್ಮಂದಿರ ಸುದ್ದಿಯೇ ಇಲ್ಲ. ಕ್ಯಾಥೊಲಿಕ್ ಚರ್ಚಿನ ಪುಸ್ತಕದಲ್ಲೋ, ಅದೇ ಜೋಡಿ ಲ್ಯಾಟಿನ್‌ನಲ್ಲಿ: ಜೇಮ್ಸ್ ‘ಜಾಕೋಬುಸ್’ ಆಗಿರುತ್ತಾನೆ, ವಿಲಿಯಂ ‘ಗುಲಿಯೆಲ್ಮುಸ್’. ಅಲ್ಲಿ ಅಮ್ಮನ ಹೆಸರೂ ಹಲವು ಸಲ ಇರುತ್ತದೆ, ಅಪರೂಪಕ್ಕೆ ಹುಟ್ಟಿದ ಊರೂ. ಸರ್ಟಿಫಿಕೇಟು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟ.

ಮನೆಯಲ್ಲಿ ಸೈನ್ಯಕ್ಕೆ ಸೇರಿದವರಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರ ನೋಡಿ. ಚೆಲ್ಸಿ ಪಿಂಚಣಿದಾರರ, ಅಂದರೆ ಚೆಲ್ಸಿಯ ಸೈನಿಕ ಆಸ್ಪತ್ರೆಯ ಮೂಲಕ ಪಿಂಚಣಿ ಪಡೆದವರ ಕಡತಗಳಲ್ಲಿ ಸಿಪಾಯಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಬರೆದಿರುತ್ತದೆ. ಹೆಸರಿನ ಕಾಗುಣಿತ ಒಂದೇ ಇರಬೇಕೆಂದು ಹಟ ಹಿಡಿಯಬೇಡಿ; ಓದುಬರಹ ಬಾರದವರು ಹೇಳಿದ್ದು ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರೆದದ್ದು ಅದು. ಓ’ಸಲಿವನ್ ಬರೀ ಸಲಿವನ್ ಆಗಿರಬಹುದು. ವಯಸ್ಸಂತೂ ಒಂದು ಗಣತಿಯಿಂದ ಹತ್ತು ವರ್ಷದ ನಂತರದ ಗಣತಿಗೆ ಏಳೇ ವರ್ಷ ಏರಿರುತ್ತದೆ!

ಯಾವುದೂ ಕೈಗೂಡದಿದ್ದರೆ ಮಕ್ಕಳ ಬ್ಯಾಪ್ಟಿಸಂಗೆ ಸಾಕ್ಷಿಯಾಗಿ ನಿಂತವರನ್ನು, ಅದೇ ಬೀದಿಯ ಬಾಡಿಗೆದಾರರನ್ನು ಹುಡುಕಿ. ಒಂದೇ ಸೀಮೆಯಿಂದ ಬಂದವರು ಅಕ್ಕಪಕ್ಕದಲ್ಲೇ ಬಿಡಾರ ಹೂಡುತ್ತಿದ್ದುದುಂಟು. ನಿಮ್ಮವರು ಊರ ಹೆಸರು ಹೇಳದೆ ಹೋಗಿರಬಹುದು, ಪಕ್ಕದ ಮನೆಯವರು ಹೇಳಿರುತ್ತಾರೆ.