ಸೋಮಾರಿ ಎನ್ನುವ ಮೊದಲು

ನಾವು ಎಂಜಿನಿಯರಿಂಗ್ ಓದುವ ಕಾಲಕ್ಕೆ ಹಾಸ್ಟೆಲಿನಲ್ಲಿ ಬೆಳಗಿನ ತಿಂಡಿಗೆ ಬಾರದವರು, ರೆಕಾರ್ಡ್ ಬರೆಯದವರು, ಮಧ್ಯಾಹ್ನದವರೆಗೂ ಹೊದ್ದು ಮಲಗಿದವರು, ಎಲ್ಲರಿಗೂ ಸೋಮಾರಿ ಎಂಬ ಒಂದೇ ಹೆಸರಿತ್ತು. ಅದು ಕೆಲವರಲ್ಲಿ ಖಿನ್ನತೆಯೂ ಆಗಿರಬಹುದು. ಈಗ ಅಲ್ಲಿರುವ ತಮ್ಮ ತಂಗಿಯರಿಗೆ ಇದು ಗೊತ್ತಿರಲಿ ಎಂದೇ ಈ ಬರಹ.

ಬೇಸರ ಎಲ್ಲರಿಗೂ ಬರುತ್ತದೆ. ಇಂಟರ್ನಲ್ಸ್ ಪರೀಕ್ಷೆ ಮುಗಿದರೆ, ಊರಿಗೆ ಹೋಗಿಬಂದರೆ ಇಳಿಯುತ್ತದೆ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕ್ರಿಕೆಟ್ಟೂ ಹಾಡೂ ರುಚಿಸದಿದ್ದರೆ, ಜೊತೆಗೆ ನಿದ್ದೆ, ಹಸಿವು, ಶಕ್ತಿ ಏರುಪೇರಾಗಿದ್ದರೆ ಅದನ್ನು ಬೇಸರ ಎಂದು ಬಿಡಬಾರದು, ಅದು ಖಿನ್ನತೆ ಇರಬಹುದು. ಓದುವವರನ್ನು ಹೆಚ್ಚು ಹೆದರಿಸುವುದು ಗಮನ ಕೈಕೊಡುವುದು. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಕಾಯಿಲೆ ಇಳಿದಂತೆ ಗಮನವೂ ಮರಳುತ್ತದೆ, ಕೆಲವೊಮ್ಮೆ ತುಸು ತಡವಾಗಿ.

ಬಹಳ ಮಂದಿ ಎಡವುವುದು ಟೈಮ್‌ಟೇಬಲ್ಲಿನಲ್ಲಿ. ಬೆಳಗ್ಗೆ 5ರಿಂದ ರಾತ್ರಿ 11ರವರೆಗೆ ಓದು ಎಂದು ಗೋಡೆಗೆ ಅಂಟಿಸುತ್ತಾರೆ. ಮೊದಲ ದಿನವೇ ತಪ್ಪುತ್ತದೆ, ತಪ್ಪಿದ್ದೇ ತನ್ನ ಕೈಲಾಗದು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಮನಸ್ಸು ಬರಲಿ, ಆಮೇಲೆ ಮಾಡುತ್ತೇನೆ ಎಂದು ಕಾದರೆ ಅದು ಬರುವುದೇ ಇಲ್ಲ. ಇಲ್ಲಿ ಕೆಲಸ ಮುಂದೆ, ಮನಸ್ಸು ಹಿಂದೆ. ಹಾಗಾಗಿ ಕೆಲಸವನ್ನು ತೀರಾ ಚಿಕ್ಕದು ಮಾಡಿಕೊಳ್ಳಬೇಕು. ಮೊದಲ ವಾರ ಏಳುವ ಹೊತ್ತನ್ನಷ್ಟೇ ಹಿಡಿಯಿರಿ: ರಾತ್ರಿ ಎಷ್ಟಕ್ಕೇ ಮಲಗಿರಲಿ, 7ಕ್ಕೆ ಎದ್ದು, ಮೊಬೈಲ್ ಕೋಣೆಯಲ್ಲೇ ಬಿಟ್ಟು, 20 ನಿಮಿಷ ಬೆಳಕಿನಲ್ಲಿ ನಡೆದು, ಮೆಸ್ಸಿನಲ್ಲಿ ಕೂತು ತಿಂಡಿ ತಿನ್ನಿ. ಹಗಲು ನಿದ್ದೆ ಅರ್ಧ ಗಂಟೆ ಮೀರಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಎಲ್ಲ ಕ್ಲಾಸೂ ಆಗದಿದ್ದರೆ ದಿನಕ್ಕೆ ಒಂದಕ್ಕಾದರೂ ಹೋಗಿ. ಓದು 15 ನಿಮಿಷ ಸಾಕು, ಅದೂ ಲೈಬ್ರರಿಯಲ್ಲಿ, ಗೆಳೆಯರ ಪಕ್ಕದಲ್ಲಿ. ಪಾಠವನ್ನು ಮೊದಲಿನಿಂದ ಓದುವ ಬದಲು ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆ ಹಿಡಿದು ಉತ್ತರ ಹುಡುಕುವುದು ಸುಲಭ. ಸಂಜೆ, ಮಾಡಿದ್ದನ್ನು ಮಾತ್ರ ಬರೆದಿಡಿ.

ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಗಳಿವೆ; ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇಂಥದ್ದೇ ಸುಸ್ತು ತರುವುದರಿಂದ ರಕ್ತಪರೀಕ್ಷೆ ಹೇಳಬಹುದು. ಮಾತ್ರೆ ಕೊಟ್ಟರೆ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಆದರೆ ಹೊಟ್ಟೆ ತೊಳಸು, ತಲೆನೋವಿನಂಥ ಅಡ್ಡಪರಿಣಾಮಗಳು ಮೊದಲ ವಾರವೇ ಬರಬಹುದು. ಆದ್ದರಿಂದಲೇ ಎಷ್ಟೋ ಜನ ನಡುವೆ ಬಿಡುತ್ತಾರೆ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಚೆನ್ನಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ಹೇಳುವುದು ವಾಡಿಕೆ. ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಕಾಡಬಹುದು, ಕಾಯಿಲೆ ಮರುಕಳಿಸಲೂಬಹುದು.

ಹಾಜರಾತಿಯ ಮಾತು ಸೆಮಿಸ್ಟರ್ ಕೊನೆಗೆ ಎತ್ತಬೇಡಿ. ಚಿಕಿತ್ಸೆ ಶುರುವಾದ ವಾರವೇ ವೈದ್ಯರ ಪ್ರಮಾಣಪತ್ರವನ್ನು ನಿಮಗೆ ಮೆಂಟರ್ ಆಗಿರುವ ಅಧ್ಯಾಪಕರ ಕೈಗೆ ಕೊಡಿ. ಹಾಜರಾತಿ ಸಾಲದವರ ಶಾರ್ಟೇಜ್ ಪಟ್ಟಿ ಅಂಟಿಸಿದ ಮೇಲೆ ತಂದ ಕಾಗದಕ್ಕೆ ಬೆಲೆ ಕಡಿಮೆ. ಕಾಯಿಲೆಯ ಹೆಸರು ತರಗತಿಗೆಲ್ಲ ತಿಳಿಯಬೇಕಾಗಿಲ್ಲ.

ರೂಮ್‌ಮೇಟ್‌ಗಳಿಗೂ ಒಂದು ಮಾತು. ಧೈರ್ಯ ತಂದುಕೋ ಎನ್ನುವುದಕ್ಕಿಂತ, ನಡಿ, ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದರೆ ಉಪಯೋಗ ಹೆಚ್ಚು. ಅನುಮಾನ ಬಂದರೆ ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ನಿಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡದೆ ವಾರ್ಡನ್‌ಗೂ ಮನೆಯವರಿಗೂ ತಿಳಿಸಿ. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಏನಾದರೂ ನುಂಗಿಬಿಟ್ಟಿದ್ದರೆ ಅಥವಾ ಗಾಯ ಮಾಡಿಕೊಂಡಿದ್ದರೆ ಮೊದಲು 108.