ಟಾಕಿ ಕಾಣುವ ರೂಮು

ಪುಣೆಯಿಂದ ವಾಸ್ಕೋವರೆಗೆ ಒಂದೇ ದಿನದಲ್ಲಿ ಗಾಡಿ ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಂದು ಕಾಲಕ್ಕೆ ಅವರಲ್ಲೊಬ್ಬ. ಈಗ ಬೆನ್ನು ಒಪ್ಪುವುದಿಲ್ಲ. ಅದರ ಮೇಲೆ ಈ ಸಲ ಗಾಡಿಯಲ್ಲಿ ಅವ್ವ ಇದ್ದಳು. ವಾಸ್ಕೋದಲ್ಲಿ ತಂಗಿಯ ಮಗುವಿನ ತೊಟ್ಟಿಲು ಕಾರ್ಯ. ಗಣಪತಿ ವಿಸರ್ಜನೆ ಮುಗಿದ ವಾರ, ಮಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ದಾರಿಯಲ್ಲಿ ಒಂದು ರಾತ್ರಿ ಉಳಿಯುವುದು ಅಂತ ಆಯಿತು. ಎಲ್ಲಿ ಅನ್ನುವುದಕ್ಕೆ ವಾರ್ಜೆಯ ನಮ್ಮ ಮನೆಯಲ್ಲಿ ಮೂರು ದಿನ ಪಂಚಾಯಿತಿ ನಡೆಯಿತು.

ನನ್ನ ಹೆಂಡತಿಗೆ ಗಗನಬಾವಡಾ ಬೇಕಿತ್ತು. ಕೊಲ್ಹಾಪುರದಿಂದ ಪಶ್ಚಿಮಕ್ಕೆ 55 ಕಿ.ಮೀ. ಆಸುಪಾಸು. ಅಲ್ಲಿಂದ ಕರೂಳ ಘಾಟು, ಭುಯಿಬಾವಡಾ ಘಾಟು ಅಂತ ಎರಡು ದಾರಿಗಳು ಕೊಂಕಣಕ್ಕೆ ಇಳಿಯುತ್ತವೆ. ಮೋಡ ಕಾಲ ಕೆಳಗೆ ಇರುತ್ತದಂತೆ, ಯಾರದೋ ಫೋಟೋ ನೋಡಿದ್ದಳು. ಮಗನಿಗೆ ದಾಜಿಪುರ, ಕಾಡುಕೋಣ ನೋಡಬೇಕು. ಮಳೆಗಾಲದಲ್ಲಿ ಕಾಡಿನೊಳಗೆ ಬಿಡುವುದಿಲ್ಲ ಅಂದರೆ ಮುಖ ಊದಿಸಿಕೊಂಡ. ನನ್ನ ಮನಸ್ಸು ಚೋರ್ಲಾ ಘಾಟಿನ ಕಡೆ. ಬೆಳಗಾವಿಯಲ್ಲಿ ಒಳ್ಳೆ ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಕಾಡಿನ ದಾರಿ ಇಳಿದರೆ ಮುಗಿಯಿತು. ಆದರೆ ಅದು ಪೇಟೆಯಲ್ಲಿ ಮಲಗಿದ ಹಾಗೆ, ಘಟ್ಟದಲ್ಲಿ ಅಲ್ಲ ಅಂತ ಹೆಂಡತಿಯ ತಕರಾರು. ಅದೂ ಸರಿಯೇ.

ಅವ್ವ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಸೊಪ್ಪು ಸೋಸುತ್ತ ಹೇಳಿದಳು: "ಅಂಬೋಲಿಗೆ ಹೋಗೂಣು. ನಮ್ಮ ಹೊಳಿ ಅಲ್ಲೇ ಹುಟ್ಟತೈತಂತ. ಎಪ್ಪತ್ತು ವರ್ಷಾತು, ಹುಟ್ಟೂ ಜಾಗಾ ನಾ ನೋಡೇ ಇಲ್ಲ."

ಅವ್ವನ ತವರು ಸಂಕೇಶ್ವರ. ಊರ ಹೊಳೆ ಹಿರಣ್ಯಕೇಶಿ. ಪಂಚಾಯಿತಿ ಅಲ್ಲಿಗೆ ಮುಗಿಯಿತು.

ಹಾಗಂತ ನಾನು ಬರೀ ಭಾವನೆಗೆ ಸೋತೆ ಅನ್ನಬೇಡಿ. ಘಟ್ಟದಲ್ಲಿ ಉಳಿಯುವಾಗ ನಾನು ನೋಡುವುದು ಎರಡೇ. ಬೆಳಕಿರುವಾಗಲೇ ಮುಟ್ಟುತ್ತೇವಾ? ಉಳಿಯುವ ಜಾಗ ಘಟ್ಟದ ಮೇಲಿದೆಯಾ, ಕೆಳಗಾ? ಮೇಲೆ ಮಲಗಿದರೆ ಇಳಿಜಾರು ಬೆಳಗಿನ ಪಾಲಿಗೆ ಉಳಿಯುತ್ತದೆ. ಕೆಳಗೆ ರೂಮು ಮಾಡಿದರೆ ಸಂಜೆಯ ಮಂಜಿನಲ್ಲಿ, ಎದುರು ಬರುವ ಲಾರಿಯ ಲೈಟಿಗೆ ಕಣ್ಣು ಕಿರಿದು ಮಾಡಿಕೊಂಡು, ತಿರುವು ಎಲ್ಲಿದೆ ಅಂತ ಅಂದಾಜಿನ ಮೇಲೆ ಇಳಿಯಬೇಕು. ಅಂಬೋಲಿ ಘಟ್ಟದ ನೆತ್ತಿಯ ಮೇಲೇ ಇದೆ, 690 ಮೀಟರ್ ಎತ್ತರದಲ್ಲಿ. ನೋಟ ಹೇಗಿದೆ ಅನ್ನುವುದನ್ನು ನಾನು ಕೊನೆಗೆ ಕೇಳುತ್ತೇನೆ. ಮಂಜು ಬಿದ್ದರೆ ಎಲ್ಲ ನೋಟವೂ ಒಂದೇ, ಬಿಳಿ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಖಂಬಾಟ್ಕಿ ಘಾಟು, ಸಾತಾರಾ, ಕರಾಡದಲ್ಲಿ ಮಿಸಳ್. ಪುಣೆಯಿಂದ ಕೊಲ್ಹಾಪುರಕ್ಕೆ 230 ಕಿ.ಮೀ., ಹೇಳುವಂಥದ್ದೇನೂ ಇಲ್ಲ. ಕಾಗಲ್ ದಾಟಿದ ಮೇಲೆ ಕನ್ನಡ ಬೋರ್ಡು ಶುರುವಾಯಿತು. ಮಗ ಅವುಗಳನ್ನು ಕೂಡಿಸಿ ಕೂಡಿಸಿ ಓದುತ್ತ ಬಂದ. ಪುಣೆಯ ಶಾಲೆಯಲ್ಲಿ ಮರಾಠಿ ಕಲಿತ ಹುಡುಗ, ಇಷ್ಟು ಓದಿದನಲ್ಲ ಅಂತ ನನಗೆ ಖುಷಿ.

ಸಂಕೇಶ್ವರದಲ್ಲಿ ಈಗ ನಮ್ಮವರು ಯಾರೂ ಇಲ್ಲ. ಮನೆ ಮಾರಿ ವರ್ಷಗಳಾದವು. ಶಂಕರಲಿಂಗನ ಗುಡಿಗೆ ಕೈಮುಗಿದು, ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ, ಹೊಳೆ ದಂಡೆಗೆ ಹೋದೆವು. ಕೆಂಪು ನೀರು, ಭರ್ತಿ. "ಇಲ್ಲೇ ಅರಿಬಿ ಒಗೀತಿದ್ವಿ" ಅಂದಳು ಅವ್ವ. ಬಿಸಿಲಿಗೆ ಸೆರಗು ಅಡ್ಡ ಹಿಡಿದು ನೋಡಿದಳು. ಸೀದಾ ಗಾಡಿಗೆ ಬಂದು ಕೂತಳು. ಅಲ್ಲಿಂದ ಬಾಂದಾ ಕಡೆ ಹೋಗುವ ಹೆದ್ದಾರಿ ಹಿಡಿದರೆ ಗಡಹಿಂಗ್ಲಜ, ಆಜರಾ, ಅಂಬೋಲಿ, ಸುಮಾರು 70 ಕಿ.ಮೀ. ಹೊಳೆಯ ಎದುರು ದಿಕ್ಕಿಗೆ ಪ್ರಯಾಣ. ಆಜರಾದಲ್ಲಿ ಘನ್ಸಾಳ್ ಅಕ್ಕಿ ಐದು ಕಿಲೋ ತಗೊಂಡೆವು. ಸಣ್ಣ ಕಾಳು, ಚೀಲ ಬಿಚ್ಚಿದರೆ ಘಮ. ಹಿಂದಿನ ಸೀಟಿನಲ್ಲಿ ಅದರದೇ ವಾಸನೆ, ಇಡೀ ಸಂಜೆ.

ಆಜರಾ ಬಿಟ್ಟ ಮೇಲೆ ಕಬ್ಬು ಕಡಿಮೆಯಾಗಿ ಕಾಡು ಹತ್ತಿರ ಬರುತ್ತದೆ. ಐದೂವರೆಗೆ ಅಂಬೋಲಿ ಮುಟ್ಟಿದಾಗ ಮಂಜು ನಮಗಿಂತ ಮೊದಲೇ ಬಂದು ಕೂತಿತ್ತು.

ಫೋನಿನಲ್ಲೇ ರೂಮು ಹೇಳಿಟ್ಟಿದ್ದೆ. 'ವ್ಯಾಲಿ ವ್ಯೂ' ಅಂತ 800 ರೂಪಾಯಿ ಜಾಸ್ತಿ. ಕಿಟಕಿ ತೆಗೆದರೆ ಎದುರಿಗೆ ಹತ್ತಡಿ ದೂರದಲ್ಲಿ ಸಿಮೆಂಟಿನ ನೀರಿನ ಟಾಕಿ. ಪಾಚಿ ಹಿಡಿದಿದೆ, ಮೇಲೆ ಮುಚ್ಚಳ ಇಲ್ಲ, ಒಂದು ಮರದ ಕೊಂಬೆ ಅದರ ಮೇಲೆ ಬಾಗಿದೆ. ಮಾಲೀಕನನ್ನು ಕರೆದು ತೋರಿಸಿದೆ. ಆತ ಸ್ವಲ್ಪವೂ ಅಳುಕದೆ ಮರಾಠಿಯಲ್ಲಿ ಹೇಳಿದ, "ಟಾಕಿ ಹಿಂದೇನೇ ವ್ಯಾಲಿ ಇದೆ ಸಾಹೇಬ್. ಮಂಜು ಸರಿದರೆ ಕಾಣುತ್ತೆ." ಟಾಕಿ ಯಾವಾಗ ಸರಿಯುತ್ತದೆ ಅಂತ ಹೆಂಡತಿ ಕನ್ನಡದಲ್ಲಿ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ.

ಹಾಸಿಗೆ ತಣ್ಣಗೆ, ಕೌದಿಯೂ ಒದ್ದೆ ಒದ್ದೆ. ಊಟದ ಟೇಬಲ್ಲಿನ ಉಪ್ಪು ಡಬ್ಬಿಯಲ್ಲೇ ನೀರಾಗಿತ್ತು. ಇಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಪುಣೆಯ ಹತ್ತರಷ್ಟು ಹತ್ತಿರ. ಉಪ್ಪು ಪಾಪ ಏನು ಮಾಡೀತು?

ರಾತ್ರಿ ಒಂಬತ್ತಕ್ಕೆ ಮಗ ಕಿಟಕಿಯಿಂದ ಕೂಗಿದ. "ಅಪ್ಪಾ, ಟಾಕಿ ಮೇಲೆ ಸೋಪಿನ ನೊರೆ!" ಬ್ಯಾಟರಿ ಬಿಟ್ಟೆವು. ಬಾಗಿದ ಕೊಂಬೆಯ ಎಲೆಗಳ ನಡುವೆ ಮುಷ್ಟಿ ಗಾತ್ರದ ನೊರೆಯ ಉಂಡೆ, ಅಂಥವೇ ಮೂರು. ಸ್ವಲ್ಪ ಪಕ್ಕಕ್ಕೆ, ಎಲೆಯ ಹಸಿರಿನದೇ ಒಂದು ಕಪ್ಪೆ, ಎಲೆಯೋ ಕಪ್ಪೆಯೋ ಅನ್ನುವ ಹಾಗೆ. ಹೆಜ್ಜೆ ಎತ್ತಿ ಇಟ್ಟಾಗ ಬೆರಳುಗಳ ನಡುವಿನ ತೊಗಲು ಕಂಡಿತು, ಕುಂಕುಮಗೆಂಪು. ಮಲಬಾರ್ ಹಾರುವ ಕಪ್ಪೆ. ಆ ತೊಗಲನ್ನು ಕೊಡೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ. ನೀರಿನ ಮೇಲೆ ಬಾಗಿದ ಎಲೆಯಲ್ಲಿ ನೊರೆ ಕಟ್ಟಿ ಮೊಟ್ಟೆ ಇಡುತ್ತದೆ. ಮರಿಗಳು ಹೊರಬಂದಾಗ ನೊರೆ ಕರಗಿ, ಕೆಳಗಿನ ನೀರಿಗೆ ಬೀಳುತ್ತವೆ. ಅಂದರೆ ಮುಚ್ಚಳ ಇಲ್ಲದ ಆ ಟಾಕಿ ಅದಕ್ಕೆ ತೊಟ್ಟಿಲು. ಇದನ್ನು ನೋಡಲಿಕ್ಕೇ ಮಳೆಗಾಲದಲ್ಲಿ ಬ್ಯಾಟರಿ ಹಿಡಿದು ಅಂಬೋಲಿಗೆ ಜನ ಬರುತ್ತಾರೆ. ನಾವು ರಗ್ಗು ಹೊದ್ದು, ಚಹಾ ಹಿಡಿದು, ಕಿಟಕಿಯಲ್ಲೇ ಕೂತೆವು. ಹನ್ನೊಂದಾದರೂ ಯಾರೂ ಮಲಗಲಿಲ್ಲ.

ಸ್ನಾನದ ನೀರು ಆ ಟಾಕಿಯದೇ ಅಂತ ಬೆಳಿಗ್ಗೆ ಗೊತ್ತಾಯಿತು. ಹೆಂಡತಿ ಸ್ನಾನ ಮಾಡಲಿಲ್ಲ.

ಹಿರಣ್ಯಕೇಶಿ ಗುಡಿಗೆ ಹೋಗುವಾಗ ಸಣ್ಣ ಜಿನುಗು ಮಳೆ. ಅವ್ವ ನನ್ನ ಮೊಳಕೈ ಹಿಡಿದು ನಿಧಾನಕ್ಕೆ ನಡೆದಳು. ಕಾಡಿನ ನಡುವೆ ಪುಟ್ಟ ಗುಡಿ, ಪಕ್ಕದಲ್ಲಿ ಗುಹೆ, ಗುಹೆಯೊಳಗಿಂದ ನೀರು. ಮುಂದೆ ಕೊಳ. ಈ ಕೊಳದಲ್ಲಿ ಒಂದು ಸಣ್ಣ ಮೀನಿದೆ. ಅದು ಹೊಸ ಜಾತಿ ಅಂತ 2020ರಲ್ಲಿ ಗುರುತಿಸಿ ಹೊಳೆಯ ಹೆಸರನ್ನೇ ಇಟ್ಟರು, ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ಈ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣ ಅಂತ ಸಾರಿತು. ಮಗ ಬಗ್ಗಿ ಬಗ್ಗಿ ಹುಡುಕಿದ, ಮೀನು ಸಿಗಲಿಲ್ಲ.

ಅಂಬೋಲಿಯ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಶ್ಚಿಮದ ಅಂಚಿನಿಂದ ಉರುಳಿದ್ದು ಸಾವಂತವಾಡಿ ಕಡೆಯಿಂದ ಅರಬ್ಬಿ ಸಮುದ್ರಕ್ಕೆ, ಹತ್ತಿರದ ದಾರಿ. ಈ ಕೊಳದ ನೀರಿಗೆ ಮಾತ್ರ ದೊಡ್ಡ ಸುತ್ತು. ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆ ಸೇರಬೇಕು, ಗೋಕಾಕದಲ್ಲಿ 52 ಮೀಟರ್ ಧುಮುಕಬೇಕು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಮುಟ್ಟಬೇಕು. ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಕೇಳಿದಳೋ ಇಲ್ಲವೋ. ಬೊಗಸೆಯಲ್ಲಿ ನೀರು ಎತ್ತಿ ನೋಡಿ, "ಇಷ್ಟು ತಿಳಿ ನೀರು ನಮ್ಮೂರಿಗೆ ಯಾವಾಗೂ ಬಂದಿಲ್ಲ ಬಿಡು" ಅಂದಳು. ಕಣ್ಣಿಗೆ ಹಚ್ಚಿಕೊಂಡಳು.

ಕಾವಳೆಸಾದದಲ್ಲಿ ಐದು ನಿಮಿಷ ಮಂಜು ಸರಿದು ಕಣಿವೆ ಕಂಡಿತು. ಅಂಚಿನಿಂದ ಬೀಳುವ ನೀರನ್ನು ಗಾಳಿ ವಾಪಸ್ ಮೇಲಕ್ಕೆ ಎರಚುತ್ತದೆ. ಹೆಂಡತಿಯ ಗಗನಬಾವಡಾ ಸಾಲ ಅಲ್ಲಿಗೆ ತೀರಿತು ಅಂದುಕೊಂಡೆ. ತೀರಿಲ್ಲವಂತೆ. ಘಾಟಿನ ದೊಡ್ಡ ಜಲಪಾತದ ಹತ್ತಿರ ಗಾಡಿಗಳ ಸಂತೆ, ಮಂಗಗಳ ಕಾಟ. ನಿಲ್ಲಿಸಲಿಲ್ಲ. ಸಾವಂತವಾಡಿಯಲ್ಲಿ ಮಗುವಿಗೆ ಕಟ್ಟಿಗೆಯ ಗಿಲಕಿ ಕೊಂಡು, ಬಾಂದಾ ದಾಟಿ, ಮಧ್ಯಾಹ್ನದ ಊಟಕ್ಕೆ ವಾಸ್ಕೋ.

ನಾಲ್ಕು ದಿನ ಬಿಟ್ಟು ವಾಪಸ್ ಹೊರಡುವಾಗ ಅದೇ ಲಾಡ್ಜಿಗೆ ಫೋನ್ ಮಾಡಿದೆ. ಟಾಕಿ ಕಡೆಯ ರೂಮೇ ಬೇಕು ಅಂದೆ. ಮಾಲೀಕ ಒಂದು ಗಳಿಗೆ ಸುಮ್ಮನಾದ. "ವ್ಯಾಲಿ ವ್ಯೂ ರೂಮಲ್ವಾ ಸಾಹೇಬ್? 800 ಜಾಸ್ತಿ ಆಗುತ್ತೆ" ಅಂದ.